ಆಟಕ್ಕುಂಟು, ಲೆಕ್ಕಕ್ಕಿಲ್ಲ: ಕೊರಿಯನ್ ಡ್ರಾಮಾದ ನಾಯಕಿ ‘ಪಾಪ’ದವಳಾಗದೆ ಉಳಿದದ್ದು ಹೇಗೆ?

ಪ್ರಶ್ನೆ: ತಲಾ 20 ನಿಮಿಷದ ಎಂಟು ಎಪಿಸೋಡುಗಳ ರೊಮ್ಯಾಂಟಿಕ್ ಕಾಮಿಡಿ ವೆಬ್ ಸರಣಿಯೊಂದನ್ನು ಬರೆಯುತ್ತಿದ್ದೇನೆ. ನಾಯಕಿ ಯಾರ ಕಣ್ಣಿಗೂ ಬೀಳದ ಹುಡುಗಿ. ಕಥೆ ಕೇಳಿದವರೆಲ್ಲ ‘ಪಾಪ ಅನ್ಸತ್ತೆ, ಆದ್ರೆ ಬೋರು’ ಅನ್ನುತ್ತಾರೆ. ‘ಮೈ ಲವ್ಲಿ ಸಾಮ್‌ಸೂನ್’ ನೋಡಿ ಕಲಿಯಿರಿ ಎಂದು ಒಬ್ಬರು ಹೇಳಿದರು. ಎರಡು ಎಪಿಸೋಡ್ ನೋಡಿದೆ. ಅವಳು ಕಿರುಚುತ್ತಾಳೆ, ಅಳುತ್ತಾಳೆ, ಅವನು ಮೂತಿ ಸೊಟ್ಟಗೆ ಮಾಡಿಕೊಂಡು ಓಡಾಡುತ್ತಾನೆ. ಇಪ್ಪತ್ತು ವರ್ಷ ಹಳೆಯ ಈ ಡ್ರಾಮಾದಲ್ಲಿ ಕಲಿಯುವುದೇನಿದೆ?

ಉತ್ತರ: ‘ಪಾಪ’ ಎಂಬ ಒಂದೇ ಮಾತಿನಲ್ಲಿ ನಿಮ್ಮ ಕೇಳುಗರು ಕಾಯಿಲೆ ಯಾವುದೆಂದು ಹೇಳಿಬಿಟ್ಟಿದ್ದಾರೆ. ಪಾಪ ಅನ್ನಿಸಿದವರಿಗೆ ನಾವು ಒಳ್ಳೆಯದಾಗಲಿ ಎಂದು ಹಾರೈಸುತ್ತೇವೆ, ಅವರ ಮುಂದಿನ ಎಪಿಸೋಡಿಗೆ ಕಾಯುವುದಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತಿರುವ ಹುಡುಗಿಯನ್ನು ನಾಯಕಿ ಮಾಡಬೇಕಾದರೆ ಎರಡು ವಿಷಯ ಬೇಕು. ಅವಳು ಲೆಕ್ಕಕ್ಕಿಲ್ಲ ಎನ್ನುವುದು ಅವಳ ಮುಖದ ಮೇಲೆ ಕಾಣುವ ಸಂಗತಿಯಾಗಬಾರದು, ನಮ್ಮ ಕಣ್ಣೆದುರು ನಡೆಯುವ ಘಟನೆಯಾಗಬೇಕು. ಮತ್ತು ಅವಳ ಕೈಯಲ್ಲಿ ಯಾರೂ ಕಸಿಯಲಾರದ ಒಂದು ಕೆಲಸ ಇರಬೇಕು. ಸಾಮ್‌ಸೂನ್ ಹಳೆಯದಾದರೂ ಈ ಎರಡನ್ನೂ ಅದರಷ್ಟು ಸ್ಪಷ್ಟವಾಗಿ ತೋರಿಸುವ ಡ್ರಾಮಾ ಕಡಿಮೆ. ಅವನ ಮೂತಿಯ ಬಗ್ಗೆ ನಿಮ್ಮ ದೂರು ಸರಿಯಾಗಿಯೇ ಇದೆ, ಅದಕ್ಕೆ ಆಮೇಲೆ ಬರೋಣ.

ಮೊದಲು ಹಿನ್ನೆಲೆ. ಕೊರಿಯನ್ ಭಾಷೆಯಲ್ಲಿ ಇದರ ಹೆಸರು ‘ನನ್ನ ಹೆಸರು ಕಿಮ್ ಸಾಮ್‌ಸೂನ್’ ಎಂದು. ಎಂಬಿಸಿ ವಾಹಿನಿಯಲ್ಲಿ 2005ರ ಜೂನ್ 1ರಿಂದ ಜುಲೈ 21ರವರೆಗೆ, ಬುಧವಾರ ಮತ್ತು ಗುರುವಾರ ರಾತ್ರಿ, 16 ಎಪಿಸೋಡ್ ಬಂತು. ಅಂತರ್ಜಾಲದಲ್ಲಿ ಬಂದ ಒಂದು ಕಾದಂಬರಿಯನ್ನು ಆಧರಿಸಿ ಕಿಮ್ ದೋವೂ ಚಿತ್ರಕಥೆ ಬರೆದರು, ಕಿಮ್ ಯೂನ್‌ಚೊಲ್ ನಿರ್ದೇಶಿಸಿದರು. ಕೊನೆಯ ಕಂತಿನ ರೇಟಿಂಗ್ ಶೇಕಡಾ 50ರ ಆಸುಪಾಸಿಗೆ ಹೋಯಿತು. ಅಂದರೆ ಆ ರಾತ್ರಿ ಟೀವಿ ಇದ್ದ ಮನೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇದನ್ನೇ ನೋಡುತ್ತಿದ್ದವು. ನಾಯಕಿಯಾಗಿದ್ದ ಕಿಮ್ ಸನ್‌ಆ ಪಾತ್ರಕ್ಕಾಗಿ ಬೇಕೆಂದೇ ಮೈತೂಕ ಹೆಚ್ಚಿಸಿಕೊಂಡಿದ್ದರು. ಆ ವರ್ಷದ ಎಂಬಿಸಿ ನಟನಾ ಪ್ರಶಸ್ತಿಗಳಲ್ಲಿ ಅತ್ಯುನ್ನತವಾದ ‘ದೇಸಾಂಗ್’ ಅವರಿಗೇ ಬಂತು. ನಾಯಕನಾಗಿದ್ದ ಹ್ಯುನ್ ಬಿನ್ ತಾರೆಯಾದದ್ದೂ ಇಲ್ಲಿಂದಲೇ. ತಮಾಷೆ ಏನೆಂದರೆ, ಇಂದು ಹ್ಯುನ್ ಬಿನ್ ಹೆಸರು ಹೇಳಿದರೆ ಎಲ್ಲರಿಗೂ ಗೊತ್ತು, ಸಾಮ್‌ಸೂನ್ ಎಂದರೆ ಹೊಸ ಪ್ರೇಕ್ಷಕರು ಯಾರು ಎನ್ನುತ್ತಾರೆ. ಅವಳ ಹಣೆಬರಹ ಡ್ರಾಮಾದ ಆಚೆಗೂ ಹಾಗೇ ಇದೆ.

ಮೊದಲ ಎಪಿಸೋಡನ್ನೇ ಮತ್ತೆ ನೋಡಿ. ಕ್ರಿಸ್‌ಮಸ್ ಹಿಂದಿನ ರಾತ್ರಿ. ಪ್ರೇಮಿಯ ಬೆನ್ನು ಹತ್ತಿ ಹೋಟೆಲಿಗೆ ಹೋದವಳು ಅವನನ್ನು ಇನ್ನೊಬ್ಬಳ ಜೊತೆ ಹಿಡಿಯುತ್ತಾಳೆ. ಆಮೇಲೆ ಟಾಯ್ಲೆಟ್ಟಿನೊಳಗೆ ಕುಳಿತು, ಮಸ್ಕರಾ ಕೆನ್ನೆಗೆಲ್ಲ ಇಳಿದು ಕಪ್ಪಾಗುವ ಹಾಗೆ ಅಳುತ್ತಾಳೆ. ಹೊರಗೆ ಬಂದಾಗ ಎದುರಿಗೆ ನಾಯಕ. ಅದು ಗಂಡಸರ ಟಾಯ್ಲೆಟ್! ಅಳುವಿನ ಸೀನ್ ಬರೆದದ್ದು ಹೀಗೆ. ಅವಳ ದುಃಖ ನಿಜ, ಆದರೆ ಅವಳು ಇರುವ ಜಾಗ ತಪ್ಪು. ಕಣ್ಣೀರು ಬರುವ ಹೊತ್ತಿಗೆ ನಗುವೂ ಬರುತ್ತದೆ, ‘ಪಾಪ’ ಎನ್ನಲು ನಮಗೆ ಪುರುಸೊತ್ತೇ ಸಿಗುವುದಿಲ್ಲ. ನಿಮ್ಮ ಸ್ಕ್ರಿಪ್ಟಿನಲ್ಲಿ ಅವಳು ಬಹುಶಃ ಬಾಲ್ಕನಿಯಲ್ಲಿ ಒಬ್ಬಳೇ ನಿಂತು, ಹಿನ್ನೆಲೆಯಲ್ಲಿ ಪಿಟೀಲು ಕೇಳುವಾಗ ಅಳುತ್ತಾಳೆ. ಬಾಲ್ಕನಿ ತೆಗೆದುಬಿಡಿ. ಅಳಬಾರದ ಕಡೆ ಅಳಿಸಿ, ನೋಡಬಾರದವರು ನೋಡುವ ಹಾಗೆ ಅಳಿಸಿ.

ಈಗ ಹೆಸರಿಗೆ ಬರೋಣ, ಡ್ರಾಮಾದ ಎಂಜಿನ್ ಇರುವುದೇ ಅಲ್ಲಿ. ‘ಸಾಮ್’ ಎಂದರೆ ಮೂರು. ‘ಸೂನ್’ ಹಳೇ ತಲೆಮಾರಿನ ಹೆಣ್ಣುಹೆಸರುಗಳ ಬಾಲ, ವಿಧೇಯಳು, ಸೌಮ್ಯಳು ಎಂಬ ಅರ್ಥದ ಅಕ್ಷರ. ಮೂರನೆಯದೂ ಹೆಣ್ಣೇ ಆದಾಗ ಇಟ್ಟ ಹೆಸರು. ನಮ್ಮ ಹಳ್ಳಿಗಳಲ್ಲಿ ಇನ್ನು ಹೆಣ್ಣು ಸಾಕು ಎಂದು ‘ಸಾಕಮ್ಮ’ ಎಂದಿಟ್ಟ ಹಾಗೆ. 2005ರ ಸೋಲ್ ನಗರದಲ್ಲಿ ಆ ಹೆಸರು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಮಾತು. ಟ್ಯಾಕ್ಸಿಯ ಸೀನ್ ಒಂದಿದೆ: ತನ್ನ ಹೆಸರಿನ ದೆಸೆಯಿಂದ ಅವಳು ಹಿಂದಿನ ಸೀಟಿನಲ್ಲಿ ಅಳುತ್ತಿದ್ದಾಳೆ. ಡ್ರೈವರ್ ಕರುಣೆಯಿಂದ ಸಮಾಧಾನ ಮಾಡುತ್ತಾನೆ: ಹೆಸರಲ್ಲೇನಮ್ಮ ಇದೆ, ಸಾಮ್‌ಸೂನ್ ಅಂತ ಒಂದು ಇಲ್ಲದಿದ್ದರೆ ಆಯ್ತಲ್ಲ. ಅವನಿಗೆ ಅವಳ ಹೆಸರು ಗೊತ್ತಿಲ್ಲ. ಅವಳ ಅಳು ಇಮ್ಮಡಿಯಾಗುತ್ತದೆ, ನೋಡುವವರ ನಗುವೂ.

ಈ ಸೀನಿನ ಕೀಲುಗಳನ್ನು ಬಿಚ್ಚಿ ನೋಡಿ. ಅವಮಾನ ಮಾಡುವವನು ಕೆಟ್ಟವನಲ್ಲ. ಅವನು ಬೇಕೆಂದು ಮಾಡಿದ್ದೂ ಅಲ್ಲ. ಅವನಿಗೆ ಗೊತ್ತಿಲ್ಲದ, ನಮಗೆ ಗೊತ್ತಿರುವ ಒಂದು ವಿಷಯ ಇದೆ. ಮತ್ತು ಇಡೀ ಸೀನಿಗೆ ಬೇಕಾದದ್ದು ಇಬ್ಬರು, ಒಂದು ಕಾರು. ಹೊಸಬರು ಬರೆಯುವಾಗ ಕಚೇರಿಯ ಐದಾರು ಜನ ಸಾಲಾಗಿ ನಿಂತು ನಾಯಕಿಯನ್ನು ಹಂಗಿಸುತ್ತಾರೆ. ಅಲ್ಲಿ ಎಲ್ಲರೂ ದುಷ್ಟರು, ಅವಳೊಬ್ಬಳು ಸಜ್ಜನೆ, ಪ್ರೇಕ್ಷಕನಿಗೆ ಮಾಡಲು ಏನೂ ಉಳಿಯುವುದಿಲ್ಲ. ಕಡೆಗಣನೆ ನಿಜವಾಗಿ ನೋಯಿಸುವುದು ಒಳ್ಳೆಯವರಿಂದ ಬಂದಾಗ.

ಹೆಸರಿನ ಗಂಟನ್ನು ಚಿತ್ರಕಥೆ ಇನ್ನೊಂದು ಸುತ್ತು ಬಿಗಿಯುತ್ತದೆ. ಅವಳಿಗೆ ಹೆಸರು ಬದಲಿಸಿಕೊಳ್ಳುವ ಆಸೆ, ಆರಿಸಿಕೊಂಡಿರುವ ಹೊಸ ಹೆಸರು ‘ಹೀಜಿನ್’. ನಾಯಕ ಜಿನ್‌ಹೊನ್‌ನ ಹಳೆಯ ಪ್ರೇಯಸಿ, ಮೂರು ವರ್ಷದ ಹಿಂದೆ ಅಮೆರಿಕಕ್ಕೆ ಹೊರಟುಹೋದವಳು, ಅವಳ ಹೆಸರೂ ಹೀಜಿನ್! ತೆಳ್ಳಗೆ, ಬೆಳ್ಳಗೆ, ಮೆಲುಮಾತಿನವಳು. ಅಂದರೆ ನಾಯಕಿ ತನ್ನ ಹೆಸರನ್ನು ಬಿಟ್ಟರೆ ಅವನು ಪ್ರೀತಿಸಿದ ಇನ್ನೊಬ್ಬಳ ಹೆಸರಿನೊಳಗೆ ಹೋಗಿ ಸೇರುತ್ತಾಳೆ. ಇದನ್ನು ಯಾರೂ ಡೈಲಾಗಿನಲ್ಲಿ ವಿವರಿಸಬೇಕಿಲ್ಲ. ಹದಿನಾರು ಎಪಿಸೋಡಿನ ಪ್ರೇಮಕಥೆಯ ಪ್ರಶ್ನೆ ‘ಇವನು ಅವಳನ್ನು ಒಪ್ಪುತ್ತಾನಾ’ ಎಂದಲ್ಲ, ‘ಅವಳು ಸಾಮ್‌ಸೂನ್ ಆಗಿ ಉಳಿಯುತ್ತಾಳಾ’ ಎಂದು. ಮಳೆಗಾಳಿಯಲ್ಲಿ ಅವಳು ಜೆಜು ದ್ವೀಪದ ಹಲ್ಲಾಸಾನ್ ಹತ್ತುವುದು ಹಳೆಯ ಹೆಸರನ್ನು ಅಲ್ಲಿ ಬಿಟ್ಟು ಬರಲು. 1,947 ಮೀಟರಿನ ಅದು ದಕ್ಷಿಣ ಕೊರಿಯಾದ ಅತಿ ಎತ್ತರದ ಬೆಟ್ಟ. ಏದುಸಿರು ಬಿಡುತ್ತ ಶಿಖರ ಮುಟ್ಟಿದರೆ ಅಲ್ಲಿ ಜಿನ್‌ಹೊನ್ ಇರುತ್ತಾನೆ, ಅವನಿಗೆ ಬೇಕಾದವಳು ಸಾಮ್‌ಸೂನ್.

ಒಂದು ಎಚ್ಚರಿಕೆ: ಇದನ್ನು ಹಾಗೇ ಎತ್ತಿ ಕನ್ನಡಕ್ಕೆ ಹಾಕಲು ಹೋಗಬೇಡಿ. ಕೊರಿಯಾದಲ್ಲಿ ಹೆಸರು ಬದಲಿಸಲು ನ್ಯಾಯಾಲಯದ ಅನುಮತಿ ಬೇಕು, ಆ ಕಾಲಕ್ಕೆ ಅದು ಸುಲಭವೂ ಇರಲಿಲ್ಲ. ಡ್ರಾಮಾ ಮುಗಿದು ನಾಲ್ಕು ತಿಂಗಳಿಗೆ, 2005ರ ನವೆಂಬರಿನಲ್ಲಿ, ದುರುದ್ದೇಶ ಇಲ್ಲದಿದ್ದರೆ ಅನುಮತಿ ಕೊಡಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ದಾರಿ ಸಲೀಸಾಯಿತು. ನಮ್ಮಲ್ಲಿ ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ ಪ್ರಕಟಣೆ ಆದರೆ ಕೆಲಸ ಮುಗಿಯಿತು. ಅಷ್ಟು ಸುಲಭವಾದದ್ದು ಎಂಟು ಎಪಿಸೋಡಿನ ಅಡ್ಡಿಯಾಗದು. ನಿಮ್ಮ ನಾಯಕಿಗೆ ಇಲ್ಲಿನದೇ ಒಂದು ಹಿಡಿ ಬೇಕು. ಎಲ್ಲರೂ ಅವಳನ್ನು ‘ಇಂಥವಳ ತಂಗಿ’ ಎಂದೇ ಕರೆಯುವುದು, ಮದುವೆ ಪತ್ರಿಕೆಯಲ್ಲಿ ಅವಳ ಹೆಸರು ಮಾತ್ರ ಬಿಟ್ಟುಹೋಗುವುದು, ಕಚೇರಿಯಲ್ಲಿ ಅವಳ ಮೇಲ್ ಐಡಿ ಇನ್ನೂ ಹಿಂದಿನ ಉದ್ಯೋಗಿಯ ಹೆಸರಿನಲ್ಲೇ ಇರುವುದು, ಇಂಥ ಒಂದು. ನೋಡಿದರೆ ಕಾಣಬೇಕು, ಪದೇ ಪದೇ ಬರಬೇಕು, ಪ್ರತಿ ಸಲ ಬೇರೆಯವರ ಬಾಯಿಂದ ಬರಬೇಕು.

ಹೆಸರನ್ನೇ ಹಿಡಿದದ್ದು ಸಾಮ್‌ಸೂನ್ ಒಂದೇ ಅಲ್ಲ. 2016ರಲ್ಲಿ ಟಿವಿಎನ್‌ನಲ್ಲಿ ಬಂದ ‘ಅನದರ್ ಮಿಸ್ ಓ’ 18 ಎಪಿಸೋಡಿನದು. ಅಲ್ಲಿ ಶಾಲೆಯಲ್ಲಿ ಓ ಹೇಯೊಂಗ್ ಹೆಸರಿನ ಇಬ್ಬರು. ಒಬ್ಬಳು ಸುಂದರಿ. ಇನ್ನೊಬ್ಬಳಿಗೆ, ಅಂದರೆ ನಮ್ಮ ನಾಯಕಿಗೆ, ‘ಬರೀ ಓ ಹೇಯೊಂಗ್’ ಎಂದು ಅಡ್ಡಹೆಸರು. ದೊಡ್ಡವರಾದ ಮೇಲೂ ಅದು ಬಿಡುವುದಿಲ್ಲ: ಮದುವೆಯ ದಿನ ಕೈಕೊಟ್ಟ ಸುಂದರಿಯ ಮೇಲಿನ ಸಿಟ್ಟಿಗೆ ನಾಯಕ ಹೆಸರು ಕೇಳಿ ತಪ್ಪು ತಿಳಿದು, ಇವಳನ್ನು ಮದುವೆಯಾಗಬೇಕಿದ್ದವನ ವ್ಯವಹಾರ ಮುಳುಗಿಸಿಬಿಡುತ್ತಾನೆ. ಆ ವರ ಮದುವೆಯ ಹಿಂದಿನ ದಿನ, ನೀನು ಊಟ ಮಾಡುವುದನ್ನು ನೋಡಲಾಗುವುದಿಲ್ಲ ಎಂದು ಹೇಳಿ ಸಂಬಂಧ ಮುರಿಯುತ್ತಾನೆ. ಅವಳೋ ಮನೆಯಲ್ಲಿ, ತಾನೇ ಬೇಡ ಎಂದೆ ಎಂದು ಸುಳ್ಳು ಹೇಳುತ್ತಾಳೆ. ಆ ಸುಳ್ಳು ಅವಳನ್ನು ಪಾಪದವಳಾಗದಂತೆ ಕಾಯುತ್ತದೆ. ತನ್ನ ಮರ್ಯಾದೆಗಾಗಿ ಎಲ್ಲರ ಬೈಗುಳ ತಿನ್ನಲು ತಯಾರಾದವಳ ಮೇಲೆ ನಮಗೆ ಕನಿಕರಕ್ಕಿಂತ ಕುತೂಹಲ ಜಾಸ್ತಿ.

ಇನ್ನು ಕೆಲಸ. ಸಾಮ್‌ಸೂನ್ ಪ್ಯಾರಿಸಿನಲ್ಲಿ ಕಲಿತು ಬಂದ ಪೇಸ್ಟ್ರಿ ಶೆಫ್. ಕೊರಿಯಾದ ಮನೆಮನೆಗೆ ‘ಪಾತಿಸಿಯೆ’ ಎಂಬ ಫ್ರೆಂಚ್ ಪದ ತಲುಪಿದ್ದೇ ಈ ಡ್ರಾಮಾದಿಂದ. ಅಪ್ಪ ಅಕ್ಕಿಗಿರಣಿ ನಡೆಸಿದವನು, ಹಾಗಾಗಿ ಹಿಟ್ಟು ಅವಳಿಗೆ ಹುಟ್ಟಿನಿಂದ ಗೊತ್ತು. ಜಿನ್‌ಹೊನ್ ಅವಳನ್ನು ತನ್ನ ಫ್ರೆಂಚ್ ರೆಸ್ಟೋರೆಂಟಿಗೆ ಕೆಲಸಕ್ಕೆ ತೆಗೆದುಕೊಳ್ಳುವುದು ಕರುಣೆಯಿಂದಲ್ಲ, ಅವಳ ಕೇಕಿನಿಂದ. ಇದು ಸಣ್ಣ ವಿಷಯವಲ್ಲ. ಪ್ರೇಮ ಮುರಿದರೂ ಅಡುಗೆಮನೆ ಅವಳದ್ದು ಎನ್ನುವುದು ಪ್ರೇಕ್ಷಕನಿಗೆ ಗೊತ್ತಿರುತ್ತದೆ, ಅದಕ್ಕೇ ಅವಳು ಮಾಲೀಕನ ಮುಖಕ್ಕೆ ಎದುರು ಮಾತಾಡಿದಾಗ ನಂಬುತ್ತೇವೆ. ಕೆಲಸ ಬಾರದವಳ ಎದುರುತ್ತರ ಬರೀ ಬಾಯಿಜೋರು.

ಸೀನಿನ ಲೆಕ್ಕದಲ್ಲಿ ಹೇಳುವುದಾದರೆ, ನಿಮ್ಮದು ಒಟ್ಟು 160 ನಿಮಿಷ. ಸರಾಸರಿ ಎರಡು ನಿಮಿಷಕ್ಕೊಂದು ಸೀನ್ ಹಿಡಿದರೆ 80 ಸೀನ್. ಅದರಲ್ಲಿ ಕನಿಷ್ಠ 16, ಅಂದರೆ ಎಪಿಸೋಡಿಗೆ ಎರಡು, ಅವಳು ಕೈಯಿಂದ ಕೆಲಸ ಮಾಡುವ ಸೀನ್ ಆಗಿರಲಿ. ‘ಕೆಲಸದ ಜಾಗದಲ್ಲಿ’ ನಡೆಯುವ ಸೀನ್ ಅಲ್ಲ, ಕೆಲಸ ನಡೆಯುವ ಸೀನ್. ವ್ಯತ್ಯಾಸ ಹೀಗೆ ನೋಡಿ: ಅವಳ ಕೈಯಲ್ಲಿರುವ ವಸ್ತುವನ್ನು ಕಿತ್ತುಕೊಂಡರೆ ಸೀನ್ ಹಾಗೇ ನಡೆಯುತ್ತದೆ ಎಂದಾದರೆ ಅದು ಬರೀ ಲೊಕೇಶನ್. ಅವಮಾನದ ಸೀನ್ ಎಂಟು ಸಾಕು, ಒಂಬತ್ತನೆಯದು ಬಂದರೆ ಹಿಂದಿನದನ್ನು ತೆಗೆಯಿರಿ. ಮೊದಲ ಹತ್ತು ನಿಮಿಷದಲ್ಲಿ ಒಂದು ಅವಮಾನ, ಒಂದು ಕೆಲಸ ಎರಡೂ ಬರಲಿ. ಎರಡನೆಯದು ಎರಡನೇ ಎಪಿಸೋಡಿಗೆ ಹೋದರೆ ಪ್ರೇಕ್ಷಕ ಆಗಲೇ ಅವಳಿಗೆ ‘ಪಾಪ’ ಎಂದು ಹಣೆಪಟ್ಟಿ ಅಂಟಿಸಿರುತ್ತಾನೆ, ಆಮೇಲೆ ಅದನ್ನು ಕೀಳುವುದು ಕಷ್ಟ.

ದುಡ್ಡಿನ ವಿಷಯದಲ್ಲೂ ಡ್ರಾಮಾ ಮೊತ್ತ ಹೇಳಿಬಿಡುತ್ತದೆ: 5 ಕೋಟಿ ವಾನ್, ಅಂದಿನ ದರದಲ್ಲಿ ಸುಮಾರು 50,000 ಡಾಲರ್. ಸಾಲಕ್ಕೆ ಸಾಮ್‌ಸೂನ್‌ಳ ಮನೆ ಕೈಬಿಟ್ಟು ಹೋಗುವ ಹಾಗಿದೆ. ಇತ್ತ ಜಿನ್‌ಹೊನ್‌ಗೆ ತಾಯಿ ಹುಡುಗಿ ನೋಡುವ ಶಾಸ್ತ್ರಕ್ಕೆ ಒಂದರ ಮೇಲೊಂದು ಹೋಟೆಲಿಗೆ ಕಳಿಸುವ ಕಾಟ. ಆದ್ದರಿಂದ ಒಪ್ಪಂದ: ದುಡ್ಡು ಅವನದು, ಪ್ರೇಯಸಿಯ ನಟನೆ ಅವಳದು. ‘ಕಾಂಟ್ರ್ಯಾಕ್ಟ್ ಡೇಟಿಂಗ್’ ಎಂಬುದು ಇಂದು ಸವಕಲು. ಅಲ್ಲಿ ಅದು ಕೆಲಸ ಮಾಡಿದ್ದು ಅವಳಿಗೆ ಬೇರೆ ದಾರಿ ಇಲ್ಲ ಎನ್ನುವುದು ಅಂಕಿಯಲ್ಲಿ ಗೊತ್ತಿದ್ದುದರಿಂದ. ನಿಮ್ಮ ಸ್ಕ್ರಿಪ್ಟಿನಲ್ಲಿ ‘ಮನೆಯಲ್ಲಿ ಕಷ್ಟ’ ಎಂದಿದ್ದರೆ ಅದನ್ನು ಒಂದು ಮೊತ್ತ, ಒಂದು ತಾರೀಖು ಮಾಡಿ. ಎಷ್ಟು, ಯಾವತ್ತಿನೊಳಗೆ. ಒಪ್ಪಂದ ಎರಡನೇ ಎಪಿಸೋಡಿನ ಕೊನೆಯೊಳಗೆ ಆಗಿರಬೇಕು, ಹಳೆಯ ಪ್ರೇಯಸಿ ಮೂರನೆಯದರ ಕೊನೆಗೆ ಬಾಗಿಲಲ್ಲಿ ನಿಂತಿರಬೇಕು. ಎಂಟರಲ್ಲಿ ಅದಕ್ಕಿಂತ ತಡ ಮಾಡಲು ಜಾಗವಿಲ್ಲ.

ವಯಸ್ಸೂ ಒಂದು ಅಂಕಿ. ಅವಳಿಗೆ ಕೊರಿಯನ್ ಲೆಕ್ಕದಲ್ಲಿ 30. ಹುಟ್ಟಿದ ದಿನವೇ ಒಂದು ವರ್ಷ ಎಣಿಸುವ ಪದ್ಧತಿ ಅದು, ನಮ್ಮ ಲೆಕ್ಕದಲ್ಲಿ 28-29. 2005ರಲ್ಲಿ ಅಲ್ಲಿನ ಹೆಣ್ಣುಮಕ್ಕಳ ಮೊದಲ ಮದುವೆಯ ಸರಾಸರಿ ವಯಸ್ಸು 27.7. ‘ನೋಚೊನ್ಯೊ’, ಅಂದರೆ ಮದುವೆ ಮೀರಿದ ಹುಡುಗಿ ಎಂದು ಅವಳನ್ನು ಕರೆಯುತ್ತಿದ್ದುದು ಹೆಚ್ಚುಕಮ್ಮಿ ಒಂದು ವರ್ಷದ ಈ ಅಂತರಕ್ಕೆ. ಜಿನ್‌ಹೊನ್ ಅವಳಿಗಿಂತ ಮೂರು ವರ್ಷ ಚಿಕ್ಕವನು. ಸಬ್‌ಟೈಟಲ್ ನಂಬಿ ನೋಡಿದವರಿಗೆ ಇಲ್ಲಿ ಅರ್ಧ ಹಾಸ್ಯ ತಪ್ಪಿಹೋಗುತ್ತದೆ. ಕೊರಿಯನ್ನಿನಲ್ಲಿ ಮಾತಿನ ಮರ್ಯಾದೆಗೆ ಪ್ರತ್ಯೇಕ ಕ್ರಿಯಾರೂಪಗಳಿವೆ. ಹಿರಿಯಳು ಅವಳು, ಯಜಮಾನ ಅವನು. ಯಾರು ಯಾರಿಗೆ ಬಹುವಚನ ಕೊಡಬೇಕು? ಸಿಟ್ಟು ಬಂದಾಗ, ಕುಡಿದಾಗ, ಅವಳು ಮರ್ಯಾದೆಯನ್ನು ಕಳಚಿಡುತ್ತಾಳೆ. ಅವನಿಗೆ ‘ಸಾಮ್‌ಸಿಕ್’ ಎಂದು ತನ್ನ ಹೆಸರಿಗೆ ಜೋಡಿಯಾಗುವ ಹಳ್ಳಿ ಹೆಸರನ್ನೂ ಅಂಟಿಸುತ್ತಾಳೆ. ತಾನು ಮೇಲೆ ಹತ್ತುವ ಬದಲು ಅವನನ್ನು ತನ್ನ ಮೆಟ್ಟಿಲಿಗೆ ಇಳಿಸಿಕೊಳ್ಳುವುದು!

ಈ ಒಂದು ವಿಷಯದಲ್ಲಿ ನೀವು ಇಂಗ್ಲಿಷಿನಲ್ಲಿ ಬರೆಯುವವರಿಗಿಂತ ಪುಣ್ಯವಂತರು, ಕನ್ನಡದಲ್ಲಿ ನೀವು-ನೀನು ಇದೆ. ‘ಸಾರ್’ ಎನ್ನುತ್ತಿದ್ದವಳು ಯಾವ ಸೀನಿನ ಯಾವ ಸಾಲಿನಲ್ಲಿ ‘ರೀ’ ಎನ್ನುತ್ತಾಳೆ, ಯಾವ ಸಾಲಿನಲ್ಲಿ ‘ನೀನು’ ಎನ್ನುತ್ತಾಳೆ, ಮತ್ತೆ ಯಾವಾಗ ‘ಸಾರ್’ಗೆ ವಾಪಸ್ ಹೋಗುತ್ತಾಳೆ ಎಂಬುದನ್ನು ಸೀನ್ ಆರ್ಡರಿನಲ್ಲೇ ಗುರುತು ಹಾಕಿ. ಜಗಳದ ಮರುದಿನದ ಒಂದು ತಣ್ಣನೆಯ ‘ಸಾರ್’ ಎರಡು ಪುಟದ ಡೈಲಾಗಿನ ಕೆಲಸ ಮಾಡುತ್ತದೆ.

ರೂಪ ಬದಲಾಯಿಸುವ ಸೀನ್ ನಿಮ್ಮ ಒನ್‌ಲೈನಿನಲ್ಲಿ ಇದ್ದೇ ಇರುತ್ತದೆ ಎಂದು ಬಾಜಿ ಕಟ್ಟಬಹುದು: ಕನ್ನಡಕ ತೆಗೆದು, ಕೂದಲು ನೇರ ಮಾಡಿ, ಮೆಟ್ಟಿಲಿಳಿಯುತ್ತ ನಿಧಾನ ಚಲನೆ. ಇದರ ಲಾಭನಷ್ಟ ನೋಡಬೇಕಾದರೆ 2015ರ ‘ಶೀ ವಾಸ್ ಪ್ರೆಟಿ’ ನೋಡಿ, ಅದೂ ಎಂಬಿಸಿ, 16 ಎಪಿಸೋಡ್. ಗುಂಗುರು ಕೂದಲು, ಕೆಂಪು ಚುಕ್ಕೆಗಳ ಕೆನ್ನೆಯ ಹೇಜಿನ್, ಬಾಲ್ಯದ ಗೆಳೆಯ ತನ್ನನ್ನು ಗುರುತಿಸದೆ ಪಕ್ಕದಲ್ಲೇ ಹಾದುಹೋದಾಗ ಹೆದರಿ, ಸುಂದರಿ ಗೆಳತಿಯನ್ನು ತನ್ನ ಹೆಸರಿನಲ್ಲಿ ಕಳಿಸುತ್ತಾಳೆ. ಇಲ್ಲೂ ಹೆಸರೇ. ಮೊದಲರ್ಧ ಪಟಪಟ ಓಡುತ್ತದೆ. ಅರ್ಧ ದಾಟಿದ ಮೇಲೆ ಅವಳು ಅಲಂಕಾರ ಮಾಡಿಕೊಂಡು ಬರುತ್ತಾಳೆ, ಅಲ್ಲಿಂದ ಡ್ರಾಮಾದ ದಮ್ಮು ಕಡಿಮೆಯಾಗುತ್ತದೆ. ಕಾರಣ ಸರಳ. ಅವನು ಅವಳನ್ನು ಯಾವಾಗ ಗುರುತಿಸುತ್ತಾನೆ ಎಂಬ ಪ್ರಶ್ನೆ ಹಿಡಿದು ಕೂತಿದ್ದೆವು. ಚೆಂದ ಕಂಡ ಮೇಲೆ ಗುರುತಿಸಿದರೆ ಅದೇನು ಗುರುತಿಸಿದ ಹಾಗೆ? ಸಾಮ್‌ಸೂನ್‌ಗೆ ಅಂಥ ಸೀನ್ ಇಲ್ಲ. ದೊಡ್ಡ ತಗಡಿನ ಬೋಗುಣಿಯಲ್ಲಿ ಅನ್ನ, ತರಕಾರಿ, ಖಾರ ಕಲಸಿ ದೊಡ್ಡ ದೊಡ್ಡ ತುತ್ತು ತಿನ್ನುವ ಸಾಮ್‌ಸೂನ್‌ಳೇ ಕೊನೆಯವರೆಗೂ ಇರುತ್ತಾಳೆ. ತೂಕ ಇಳಿಸಬೇಕು ಎಂದು ಗೊಣಗುತ್ತಾಳೆ, ಡ್ರಾಮಾ ಅವಳ ತೂಕ ಇಳಿಸುವುದಿಲ್ಲ.

ಎದುರಾಳಿ ಹೆಣ್ಣಿನ ಬಗ್ಗೆ ಚಿಕ್ಕದಾಗಿ: ಹೀಜಿನ್‌ಗೆ ಹೊಟ್ಟೆಯ ಕ್ಯಾನ್ಸರ್ ಇತ್ತು, ಅದನ್ನು ಮುಚ್ಚಿಟ್ಟು ಚಿಕಿತ್ಸೆಗೆ ಹೋಗಿದ್ದಳು. ಅವಳ ಮೇಲೆ ಕೋಪ ಮಾಡಿಕೊಳ್ಳಲು ಆಗುವುದಿಲ್ಲ. ಎದುರಾಳಿ ದುಷ್ಟೆಯಾದರೆ ನಾಯಕಿಯ ಗೆಲುವು ಬರೀ ನ್ಯಾಯ, ಎದುರಾಳಿಯೂ ಒಳ್ಳೆಯವಳಾದರೆ ಅದು ಆಯ್ಕೆ. ಪ್ರೇಮಕಥೆಗೆ ಆಯ್ಕೆಯೇ ಬೇಕು.

ಈಗ ನಿಮ್ಮ ದೂರು. ಜಿನ್‌ಹೊನ್ ಒರಟ. ಅವಳ ಕೈ ಹಿಡಿದು ಎಳೆಯುತ್ತಾನೆ, ಕೂಗಾಡುತ್ತಾನೆ, ಬೇರೆಯವನ ಜೊತೆ ಅವಳ ಭೇಟಿಯನ್ನು ಹಾಳು ಮಾಡುತ್ತಾನೆ. 2005ರಲ್ಲಿ ಅದು ಪ್ರೀತಿಯ ಭಾಷೆ ಎನ್ನಿಸಿಕೊಂಡಿತ್ತು. ಅವನ ಒರಟಿಗೆ ಚಿತ್ರಕಥೆ ಕಾರಣ ಕೊಟ್ಟಿದೆ: ಅವನು ಓಡಿಸುತ್ತಿದ್ದ ಕಾರಿನ ಅಪಘಾತದಲ್ಲಿ ಅಣ್ಣ ಅತ್ತಿಗೆ ಸತ್ತಿದ್ದಾರೆ, ಅವರ ಪುಟ್ಟ ಮಗಳು ಮಾತು ನಿಲ್ಲಿಸಿದ್ದಾಳೆ. ಆದರೂ ಕಾರಣ ಬೇರೆ, ಕ್ಷಮೆ ಬೇರೆ. ಇದನ್ನು ನಿರ್ದೇಶಕರೂ ಬಲ್ಲರು. 2024ರ ಸೆಪ್ಟೆಂಬರಿನಲ್ಲಿ ಕೊರಿಯಾದ ವೇವ್ ಒಟಿಟಿಗಾಗಿ ಕಿಮ್ ಯೂನ್‌ಚೊಲ್ ಇದೇ ಡ್ರಾಮಾವನ್ನು 16ರಿಂದ 8 ಎಪಿಸೋಡಿಗೆ ಇಳಿಸಿ ಮರುಸಂಕಲನ ಮಾಡಿದಾಗ, ಇಂದಿನವರ ಕಣ್ಣಿಗೆ ಹಿಂಸೆಯಾಗಿ ಕಾಣುವ ನಾಯಕನ ವರ್ತನೆಗೆ ಆದಷ್ಟು ಕತ್ತರಿ ಹಾಕಿದರು. ನಿಮಗೂ ಎಂಟೇ ಎಪಿಸೋಡ್. ಕತ್ತರಿ ಬಿದ್ದ ಮೇಲೂ ಕಥೆ ನಿಂತಿತು ಎಂದರೆ ಆ ಒರಟುತನ ಕಥೆಯ ಕಂಬವಾಗಿರಲಿಲ್ಲ. ನಿಮ್ಮ ನಾಯಕನಿಗೆ ಅದು ಬೇಡವೇ ಬೇಡ. ಕಂಬ ಇರುವುದು ಹೆಸರು, ಕೆಲಸ, ಸಾಲ ಈ ಮೂರರಲ್ಲಿ.

ಕೊನೆಗೆ ಮುಕ್ತಾಯ. ಅವನ ತಾಯಿ ಕೊನೆಯ ಎಪಿಸೋಡಿನಲ್ಲೂ ಒಪ್ಪಿರುವುದಿಲ್ಲ. ಮದುವೆ ಮಂಟಪ ಇಲ್ಲ. ಇಬ್ಬರೂ ಸೋಲ್ ನಗರದ ನಾಮ್‌ಸಾನ್ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ, ಅಲ್ಲೇ ಜನರೆದುರು ಮುತ್ತು ಕೊಟ್ಟುಕೊಳ್ಳುತ್ತಾರೆ. ಮುಂದೆ ಬಿಟ್ಟುಹೋದರೂ ಹೋಗಬಹುದು ಎಂಬ ಸಾಧ್ಯತೆಯನ್ನೂ ಅವಳೇ ಒಪ್ಪಿಕೊಂಡಿರುತ್ತಾಳೆ. ಆ ಮೆಟ್ಟಿಲುಗಳನ್ನು ಜನ ‘ಸಾಮ್‌ಸೂನ್ ಮೆಟ್ಟಿಲು’ ಎಂದೇ ಕರೆಯುತ್ತಾರೆ.

ಸ್ಕ್ರಿಪ್ಟಿನಲ್ಲಿ ಮೊದಲು ತಿದ್ದಬೇಕಾದದ್ದು ಎಂಟನೆಯದಲ್ಲ, ಒಂದನೆಯ ಎಪಿಸೋಡ್. ನಾಯಕಿಯನ್ನು ಬೇರೆ ಪಾತ್ರಗಳು ಏನೆಂದು ಕರೆಯುತ್ತಾರೆ ಎಂಬುದಷ್ಟನ್ನೇ ಸೀನ್ ಪ್ರಕಾರ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಲ್ಲರೂ ಅವಳ ಹೆಸರನ್ನು ಸರಿಯಾಗಿಯೇ ಕರೆಯುತ್ತಿದ್ದರೆ ಅವಳು ಕಡೆಗಣನೆಗೆ ಒಳಗಾದವಳು ಎಂದು ನೀವು ಹೇಳಿದ್ದೀರಿ ಅಷ್ಟೆ, ಬರೆದಿಲ್ಲ. ಸಾಮ್‌ಸೂನ್ ಮೂರನೇ ಎಪಿಸೋಡಿನಿಂದ ಮುಂದುವರಿಸುವಾಗಲೂ ಅದೇ ಹಾಳೆ ಪಕ್ಕಕ್ಕಿಟ್ಟುಕೊಳ್ಳಿ, 16 ಎಪಿಸೋಡಿನ ಮೂಲವನ್ನೇ ನೋಡಿ. ಮರುಸಂಕಲನದಲ್ಲಿ ಕಥೆ ಬೇಗ ಸಾಗುತ್ತದೆ, ಸೀನಿನ ಕೀಲುಗಳನ್ನು ಬಿಚ್ಚಿ ನೋಡಲು ಬೇಕಾದ ಬಿಡುವು ಇರುವುದು ಹಳೆಯದರಲ್ಲಿ.